ದೊಡ್ಡಮನೆ ಅಜ್ಜಂಗೆ ವಿಕಿಪೀಡಿಯ ಪೇಜ್ ಬೇಕಾ? ವಿಕಿಪೀಡಿಯಕ್ಕೆ ನಾಲ್ಕು ಸ್ಟಾರ್, ಏಜೆನ್ಸಿಗೆ ಸೊನ್ನೆ

ಮಲೆನಾಡಲ್ಲಿ ಯಾವ ಊರಿಗೆ ಹೋದ್ರೂ ಒಂದು ದೊಡ್ಡಮನೆ ಇರುತ್ತೆ, ಆ ದೊಡ್ಡಮನೆಗೊಬ್ಬ ಹಿಂದಿನ ಕಾಲದ ಅಜ್ಜ ಇರ್ತಾರೆ, ಆ ಅಜ್ಜನ ಅಜ್ಜಂಗೆ ಕೆಳದಿ ಅರಸರು ಉಂಬಳಿ ಬಿಟ್ಟಿದ್ರು ಅಂತ ಒಂದು ಕತೆನೂ ಇರುತ್ತೆ. ಈಚೆಗೆ ಇದಕ್ಕೆ ಇನ್ನೊಂದು ಸೇರ್ಕೊಂಡಿದೆ, ಅಜ್ಜನ ಹೆಸರಲ್ಲಿ ವಿಕಿಪೀಡಿಯ ಪೇಜ್ ಆಗ್ಬೇಕು ಅನ್ನೋದು. ನಮ್ಮನೇಲೂ ಆಯ್ತು ಈ ಗಲಾಟೆ, ಹಂಗಾಗಿ ಈ ರಿವ್ಯೂ. ಹೋಟ್ಲು ಹೋಮ್‌ಸ್ಟೇ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ, ಆದ್ರೆ ಚಿಕ್ಕಪುಟ್ಟ ಪಾಳೇಗಾರ ಮನೆತನದೋರು ವಿಕಿಪೀಡಿಯಕ್ಕೆ ಹೋಗಿ ನಮಗೂ ಒಂದು ಜಾಗ ಕೊಡಿ ಅಂದ್ರೆ ಏನಾಗುತ್ತೆ ಅಂತ ಬರೆದೋರು ನಂಗೆ ಸಿಗ್ಲಿಲ್ಲ.

ನಮ್ಮ ಯಜಮಾನ್ರ ಊರು ಶಿವಮೊಗ್ಗ ಜಿಲ್ಲೆ ಹೊಸನಗರದ ಹತ್ರ. ಅಲ್ಲಿನ ಅಜ್ಜ ಅಂದ್ರೆ ಇವರ ಮುತ್ತಜ್ಜನ ಅಪ್ಪ. ಪಟೇಲಿಕೆ ಇತ್ತು, ಉಂಬಳಿ ಜಮೀನಿತ್ತು, ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ದಸರಾ ಟೈಮಲ್ಲಿ ಹೋಗಿ ಬರ್ತಿದ್ರು, ಜರಿಪೇಟ ಹಾಕ್ಕೊಂಡು ಕೂತಿರೋ ಒಂದು ಫೋಟೋ ಜಗಲಿ ಗೋಡೆ ಮೇಲೆ ಈಗ್ಲೂ ಇದೆ. ನಮ್ಮ ಚಿಕ್ಕಮಾವ ಬ್ಯಾಂಕಿಂದ ರಿಟೈರ್ ಆದ್ಮೇಲೆ ಇದನ್ನೇ ಹಿಡ್ಕೊಂಡ್ರು. "ನೋಡಮ್ಮ, ಯಾವ್ಯಾವುದೋ ಸೀರಿಯಲ್ ಹುಡುಗ್ರಿಗೆಲ್ಲ ಪೇಜ್ ಇದೆ, ರಾಜರ ಜೊತೆ ಕೂತು ಬಂದ ನಮ್ಮ ಅಜ್ಜಂಗೆ ಇಲ್ಲ ಅಂದ್ರೆ ಎಂತ ನ್ಯಾಯ" ಅಂತ. ಮನೆ ವಾಟ್ಸಾಪ್ ಗ್ರೂಪಲ್ಲಿ ಎಲ್ರೂ ಹೌದೌದು ಅಂದ್ರು, ಯಾರೋ ಒಬ್ರು ಪೇಜ್ ಮಾಡ್ಕೊಡೋ ಏಜೆನ್ಸಿ ನಂಬರ್ ಹಾಕಿದ್ರು, ಅಡ್ವಾನ್ಸ್ ಹೋಯ್ತು, ಇಂಗ್ಲಿಷ್ ವಿಕಿಪೀಡಿಯದಲ್ಲಿ ಪೇಜೂ ಬಂತು. ಕುಂಕುಮದ ಎಮೋಜಿ, ಹಾರದ ಎಮೋಜಿ ಎಲ್ಲ ಆಯ್ತು. ಆಮೇಲೆ ಪೇಜಿನ ತಲೆ ಮೇಲೆ ಒಂದು ಪಟ್ಟಿ ಕಾಣಿಸ್ತು, ಈ ಲೇಖನ ಅಳಿಸ್ಬೇಕಾ ಬೇಡ್ವಾ ಅಂತ ಚರ್ಚೆ ನಡೀತಾ ಇದೆ ಅಂತ. ಗ್ರೂಪು ಒಮ್ಮೆಲೇ ಸೈಲೆಂಟು. ಮನೇಲಿ ಕಂಪ್ಯೂಟರ್ ಗೊತ್ತಿರೋ ಸೊಸೆ ನಾನೇ ಅಲ್ವಾ, ಆ ಚರ್ಚೆ ಪೂರ್ತಿ ಓದಿ, ಅದರ ಹಿಂದಿನ ರೂಲ್ಸ್ ಎಲ್ಲ ಓದಿ ಹೇಳೋ ಕೆಲಸ ನನ್ನ ತಲೆಗೆ ಬಂತು.

ಮೊದಲು ಬೆಲೆ. ವಿಕಿಪೀಡಿಯ ಪೂರ್ತಿ ಫ್ರೀ. ಪೇಜ್ ಮಾಡೋಕೂ ದುಡ್ಡಿಲ್ಲ, ಉಳಿಸ್ಕೊಳ್ಳೋಕೂ ದುಡ್ಡಿಲ್ಲ, ಅಳಿಸೋರಿಗೂ ಸಂಬಳ ಇಲ್ಲ. ಇಷ್ಟು ತಿಳ್ಕೊಂಡಿದ್ರೆ ಅರ್ಧ ಜನರ ದುಡ್ಡು ಉಳಿಯುತ್ತೆ. ಹೊಸ ಅಕೌಂಟ್ ಮಾಡಿ ನಾಲ್ಕು ದಿನ ಕಳೆದು, ಹತ್ತು ತಿದ್ದುಪಡಿ ಮಾಡಿದ್ರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಯಾರ್ ಬೇಕಾದ್ರೂ ಹೊಸ ಲೇಖನ ಶುರು ಮಾಡ್ಬಹುದು. ಶುರು ಮಾಡೋದು ಸುಲಭ, ಉಳಿಯೋದು ಬೇರೆ ವಿಷಯ.

ಅಳಿಸೋ ಚರ್ಚೆ ಸಾಮಾನ್ಯವಾಗಿ ಏಳು ದಿನ ನಡೆಯುತ್ತೆ. ಯಾರಾದ್ರೂ ಬಂದು ಕೀಪ್ (ಉಳಿಸಿ), ಡಿಲೀಟ್ (ಅಳಿಸಿ), ಮರ್ಜ್ (ಬೇರೆ ಲೇಖನಕ್ಕೆ ಸೇರಿಸಿ), ರೀಡೈರೆಕ್ಟ್ (ಬೇರೆ ಪೇಜಿಗೆ ತಿರುಗಿಸಿ) ಅಂತ ಹೇಳಿ ಕಾರಣ ಬರೀಬೇಕು. ಚಿಕ್ಕಮಾವ ಇದನ್ನ ಎಲೆಕ್ಷನ್ ಅಂತ ತಿಳ್ಕೊಂಡು ನೆಂಟರಿಗೆಲ್ಲ ಅಕೌಂಟ್ ಮಾಡ್ಸಿ ಕೀಪ್ ಕೀಪ್ ಅಂತ ಬರೆಸೋಕೆ ಹೊರಟಿದ್ರು, ನಾನು ತಡೆದೆ. ಯಾಕಂದ್ರೆ ಅಲ್ಲಿ ತಲೆ ಎಣಿಸಲ್ಲ, ಕಾರಣ ನೋಡ್ತಾರೆ. ಒಂದೇ ಮನೆಯಿಂದ ಹತ್ತು ಹೊಸ ಅಕೌಂಟ್ ಬಂದು "ನಮ್ಮ ಅಜ್ಜ ಬಹಳ ದೊಡ್ಡೋರು" ಅಂದ್ರೆ ಅದು ಅಜ್ಜಂಗೇ ಕೆಟ್ಟ ಹೆಸರು.

ಅವ್ರು ನೋಡೋ ಕಾರಣ ಏನು ಅನ್ನೋದೇ ಈ ಸರ್ವಿಸ್‌ನ ತಿರುಳು. ಅಜ್ಜ ದೊಡ್ಡೋರಾ ಚಿಕ್ಕೋರಾ ಅಂತ ಅಲ್ಲಿ ಯಾರೂ ಕೇಳ್ಲಿಲ್ಲ. ಅವರ ಬಗ್ಗೆ ಹೊರಗಿನೋರು, ಅಂದ್ರೆ ಮನೆಯೋರಲ್ಲದವರು, ನಂಬೋ ಅಂಥ ಪುಸ್ತಕದಲ್ಲೋ ಪತ್ರಿಕೆಯಲ್ಲೋ ಸ್ವಲ್ಪ ವಿವರವಾಗಿ ಬರೆದಿದಾರಾ, ಅಷ್ಟೇ ಪ್ರಶ್ನೆ. ಹಂಗೆ ಬರೆದಿದ್ರೆ ಅವರು ಗಮನಾರ್ಹರು, ಪೇಜಿಗೆ ಅರ್ಹರು. ವಂಶದಿಂದ ಈ ಗಮನಾರ್ಹತೆ ಬರಲ್ಲ, ಅಪ್ಪ ಅಜ್ಜ ಮಾವ ಯಾರೇ ಆಗಿರ್ಲಿ. ಇದನ್ನ ಕೇಳಿ ಚಿಕ್ಕಮಾವಂಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದೊಡ್ಡಮನೆಯೋರಿಗೆ ವಂಶನೇ ಲೆಕ್ಕಕ್ಕಿಲ್ಲ ಅಂದ್ರೆ ಇನ್ನೇನುಳೀತು ಅಂತ ಅವರ ವಾದ. ನಂಗೆ ಮಾತ್ರ ಇದು ಬಹಳ ಹಿಡಿಸ್ತು, ಸೊಸೆ ಆಗಿರೋದಕ್ಕೋ ಏನೋ.

ಇದು ನಮ್ಮೋರಿಗೆ ಮಾತ್ರ ಮಾಡಿದ ರೂಲ್ ಅಂತ ಗ್ರೂಪಲ್ಲಿ ಒಬ್ರು ಬರೆದ್ರು, ಬಿಳಿಯರ ಲಾರ್ಡುಗಳಿಗೆಲ್ಲ ಪೇಜ್ ಇದೆ ಅಂತ. ಲಾರ್ಡುಗಳಿಗೆ ಇದೆ, ಹೌದು. ಆದ್ರೆ ಅದು ಬಿರುದಿನ ಲೆಕ್ಕದಲ್ಲಿ ಅಲ್ಲ. ಬ್ರಿಟನ್ನಿನಲ್ಲಿ ವಂಶಪಾರಂಪರ್ಯ ಲಾರ್ಡುಗಳು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕೂರ್ತಿದ್ರು, ಅಂದ್ರೆ ದೇಶದ ಶಾಸನಸಭೆ ಸದಸ್ಯರು. ದೇಶದ ಇಲ್ಲಾ ರಾಜ್ಯದ ಶಾಸನಸಭೆಯಲ್ಲಿ ಇದ್ದೋರಿಗೆ ಪೇಜ್ ಇರ್ಬಹುದು ಅಂತ ವಿಕಿಪೀಡಿಯ ಒಪ್ಪುತ್ತೆ, ನಮ್ಮ ಎಮ್ಮೆಲ್ಲೆಗಳಿಗೂ ಅದೇ ರೂಲು. 1999ರಲ್ಲಿ ಅಲ್ಲಿ ಕಾಯ್ದೆ ಬಂದು 92 ಜನರನ್ನ ಬಿಟ್ಟು ಉಳಿದ ವಂಶಪಾರಂಪರ್ಯದೋರ ಸೀಟೆಲ್ಲ ಹೋಯ್ತು. ಆಮೇಲೆ ಬಿರುದು ಬಂದ ಮಗ ಬರೀ ಬಿರುದಿನೋನು, ಅವನ ಪೇಜ್ ಚರ್ಚೆಗೆ ಬಂದ್ರೆ ಬೇರೆ ಏನ್ ಮಾಡಿದಾನೆ ತೋರ್ಸಿ ಅಂತಾರೆ. ಇನ್ನು ಬ್ಯಾರೊನೆಟ್ ಅಂತ ಒಂದಿದೆ, 1611ರಲ್ಲಿ ಒಂದನೇ ಜೇಮ್ಸ್ ದೊರೆ ಶುರು ಮಾಡಿದ್ದು, ಹೆಸರಿನ ಮುಂದೆ ಸರ್ ಅಂತ ಹಾಕ್ಕೊಂಡು ಮಗನಿಗೆ ದಾಟಿಸೋ ಬಿರುದು. ಅವರಿಗೆ ಲಾರ್ಡ್ಸ್ ಸಭೆಯಲ್ಲಿ ಜಾಗನೇ ಇರ್ಲಿಲ್ಲ. ಹಂಗಾಗಿ ಎಂಟನೇ ಬ್ಯಾರೊನೆಟ್, ಒಂಬತ್ತನೇ ಬ್ಯಾರೊನೆಟ್ ಅಂತ ಬರೀ ಹುಟ್ಟಿದ ದಿನ, ಮದುವೆ, ಸತ್ತ ದಿನ ಇಷ್ಟೇ ಇರೋ ಲೇಖನಗಳು ಉಳಿಯೋದು ಕಷ್ಟ. ಅವರ ವಂಶಾವಳಿ ಪುಸ್ತಕ, 1826ರಿಂದ ಬರ್ತಾ ಇರೋ ಬರ್ಕ್ಸ್ ಪಿಯರೇಜ್, ಅದ್ರಲ್ಲಿ ಹೆಸರಿದೆ ಅಂದ್ರೂ ಸಾಲಲ್ಲ, ಅದ್ರಲ್ಲಿ ಎಲ್ಲರ ಹೆಸರೂ ಇರುತ್ತೆ. ಜರ್ಮನಿ ಆಸ್ಟ್ರಿಯಾದಲ್ಲಿ 1919ರಲ್ಲೇ ಕುಲೀನರ ಹಕ್ಕೆಲ್ಲ ಹೋಗಿದೆ, ಅಲ್ಲಿನ ರಾಜಕುಮಾರ ಅಂತ ಕರೆಸ್ಕೊಳ್ಳೋರ ಪೇಜಿನ ಮೇಲೂ ಇದೇ ಜಗಳ. ಅಂದ್ರೆ ಅವರ ಅಜ್ಜಂದಿರಿಗೂ ನಮ್ಮ ಅಜ್ಜಂಗೂ ಅಳೆಯೋ ಕೊಳಗ ಒಂದೇ.

ನಮ್ಮ ದೇಶದಲ್ಲೂ ಸಂವಿಧಾನದ 18ನೇ ವಿಧಿ ಬಿರುದು ಕೊಡೋದನ್ನ ನಿಲ್ಲಿಸ್ತು, 1971ರಲ್ಲಿ 26ನೇ ತಿದ್ದುಪಡಿ ಬಂದು ರಾಜರ ಮಾನ್ಯತೆ ರಾಜಧನ ಎರಡೂ ಹೋಯ್ತು. ನಮ್ಮ ಕಡೆ ಅದಕ್ಕೂ ಮುಂಚೆನೇ ಇನಾಂ ರದ್ದು, 1961ರ ಕಾಯ್ದೆಯಿಂದ ಪಟೇಲ ಶಾನುಭೋಗ ಹುದ್ದೆ ರದ್ದು, ಆಮೇಲೆ 1974ರ ಭೂಸುಧಾರಣೆ ತಿದ್ದುಪಡಿಲಿ ಗೇಣಿ ಜಮೀನೂ ಹೋಯ್ತು. ದೊಡ್ಡಮನೆಗಳಿಗೆ ಉಳಿದಿದ್ದು ಮನೆ, ಒಂಚೂರು ತೋಟ, ಫೋಟೋ, ಕತೆ. ಈ ಪೇಜಿನ ಆಸೆ ಎಲ್ಲಿಂದ ಬರುತ್ತೆ ಅಂತ ನಂಗೆ ಅರ್ಥ ಆಗುತ್ತೆ, ನಾನೇನು ಆಡ್ಕೋತಾ ಇಲ್ಲ.

ಸರಿ, ಹಂಗಾದ್ರೆ ನಮ್ಮ ಜಿಲ್ಲೇಲಿ ಯಾರು ಪಾಸಾಗ್ತಾರೆ? ಶಿವಪ್ಪ ನಾಯಕ, ಕೆಳದಿ ಚೆನ್ನಮ್ಮ ಇವರ ಬಗ್ಗೆ ಮಾತೇ ಬೇಡ, ಶಿಸ್ತು ಅನ್ನೋ ಕಂದಾಯ ಪದ್ಧತಿ, ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ, ಬೇಕಾದಷ್ಟು ಜನ ಬರೆದಿದಾರೆ. ಮಜಾ ಇರೋದು ಅಂಚಿನಲ್ಲಿರೋರದ್ದು. ಬೂದಿ ಬಸಪ್ಪ ಅಂತ ಒಬ್ಬ, 1830ರ ನಗರ ದಂಗೆಯಲ್ಲಿ (ನಗರ ಅಂದ್ರೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು) ನಗರದ ಸಿಂಹಾಸನಕ್ಕೆ ನಾನೇ ಹಕ್ಕುದಾರ ಅಂತ ನಿಂತೋನು. 1763ರಲ್ಲಿ ಹೈದರ್ ಬಿದನೂರು ತಗೊಂಡ್ಮೇಲೆ ಆ ಸಿಂಹಾಸನನೇ ಇರ್ಲಿಲ್ಲ, ಅವನು ನಿಜವಾದ ವಂಶಸ್ಥ ಅಂತ ಒಪ್ಪೋ ಚರಿತ್ರೆಕಾರರನ್ನ ಹುಡುಕ್ಬೇಕು. ಆದ್ರೂ ಅವನು ವಿಶ್ವಕೋಶಕ್ಕೆ ಬೇಕೇ ಬೇಕು, ಯಾಕಂದ್ರೆ ಆ ದಂಗೆ ನೆಪ ಮಾಡ್ಕೊಂಡೇ 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತ ಕೈಗೆ ತಗೊಂಡ್ರು, ಅದರ ಬಗ್ಗೆ ಗೆಜೆಟಿಯರ್‌ನಿಂದ ಹಿಡಿದು ಎಷ್ಟೋ ಕಡೆ ಬರೆದಿದೆ. ಜೊತೆಗಿದ್ದ ತರೀಕೆರೆ ಪಾಳೇಗಾರರದ್ದೂ ಹಂಗೇ. ನೋಡಿ, ವಂಶದ ಹಕ್ಕು ಅನುಮಾನ, ಆದ್ರೆ ಗಮನಾರ್ಹ. ನಮ್ಮ ಅಜ್ಜಂದು ಉಲ್ಟಾ, ವಂಶದ ಬಗ್ಗೆ ಯಾರಿಗೂ ಅನುಮಾನ ಇಲ್ಲ, ಬರೆದಿರೋರು ಮಾತ್ರ ಯಾರೂ ಇಲ್ಲ.

ಇನ್ನೊಂದು ಉದಾಹರಣೆ ಸಾಗರದ ಹತ್ರದ ಕಾಗೋಡು. 1951ರಲ್ಲಿ ಗೇಣಿ ಅಳೆಯೋ ಕೊಳಗದ ವಿಚಾರಕ್ಕೆ ಶುರುವಾದ ಗೇಣಿದಾರರ ಸತ್ಯಾಗ್ರಹ, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗಿದ್ದು ಎಲ್ಲ ನಿಮಗೆ ಗೊತ್ತು. ಆ ಊರಿನ ಜಮೀನ್ದಾರ ಕೆ.ಜಿ. ಒಡೆಯರ್ 1952ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ್ರು. ಅವರಿಗೆ ಪೇಜ್ ಇರ್ಬೇಕಾ ಅಂದ್ರೆ ಇರ್ಬೇಕು, ಎಂಪಿ ಆಗಿದ್ದಕ್ಕೆ. ಒಡೆಯರ್ ಆಗಿದ್ದಕ್ಕಲ್ಲ.

ನಮ್ಮ ಅಜ್ಜನ ಚರ್ಚೆ ನಿಜವಾಗಿ ಕಾವೇರಿದ್ದು ಇಲ್ಲೇ, ಪ್ರಜಾಪ್ರತಿನಿಧಿ ಸಭೆ ಅಂದ್ರೆ ಶಾಸನಸಭೆ ಹೌದೋ ಅಲ್ವೋ ಅಂತ. ಇದನ್ನ ಓದೋವಾಗ ಮಾತ್ರ ನಾನು ಕಾಫಿ ಮರೆತು ಕೂತಿದ್ದೆ. ಒಬ್ರು ಬಂದು ಹೇಳಿದ್ರು, 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ್ದು, ಮೊದಲ ಸಭೆಗೆ 144 ಜನ, ದೇಶದಲ್ಲೇ ಇಂಥದ್ದು ಹೊಸದು, ಹಂಗಾಗಿ ಸದಸ್ಯರನ್ನ ಶಾಸಕರು ಅಂತಲೇ ಹಿಡೀಬೇಕು ಅಂತ. ಇನ್ನೊಬ್ರು ತಣ್ಣಗೆ ಉತ್ತರ ಕೊಟ್ರು, ಮೊದಲ ಸಭೆಗೆ ಬಂದೋರು ಆರಿಸಿ ಬಂದೋರಲ್ಲ ನೇಮಕ ಆದೋರು, ಆ ಸಭೆಗೆ ಕಾನೂನು ಮಾಡೋ ಅಧಿಕಾರ ಇರ್ಲಿಲ್ಲ, ದಿವಾನರು ವರ್ಷದ ಲೆಕ್ಕ ಹೇಳೋರು, ಇವರು ರಸ್ತೆ, ಕೆರೆ, ಕಂದಾಯ ಅಂತ ಅಹವಾಲು ಹೇಳಿ ಬರೋರು, ಕಾನೂನು ಮಾಡೋಕೆ ಅಂತ ನ್ಯಾಯವಿಧಾಯಕ ಸಭೆ ಬೇರೆ ಆಗಿದ್ದು 1907ರಲ್ಲಿ, ಪ್ರತಿನಿಧಿ ಸಭೆಗೆ ಕಾಯ್ದೆಯ ಬಲ ಬಂದಿದ್ದು 1923ರಲ್ಲಿ. ಅಜ್ಜ ಹೋಗ್ತಿದ್ದಿದ್ದು ಅದಕ್ಕಿಂತ ಎಷ್ಟೋ ಮುಂಚೆ. ಮೊದಲನೇಯೋರು ಮತ್ತೆ ಬಂದು, ಹಂಗಂದ್ರೆ ಆ ಕಾಲದ ಯಾವ ಸಂಸ್ಥಾನದಲ್ಲೂ ಶಾಸಕರೇ ಇರ್ಲಿಲ್ಲ ಅಂದಂಗಾಯ್ತಲ್ಲ ಅಂದ್ರು. ಎರಡೂ ಕಡೆ ಹುರುಳಿತ್ತು. ಯಾವುದೋ ಊರಿನ, ಮುಖ ನೋಡದ ಜನ, ದುಡ್ಡು ಕಾಸಿಲ್ದೆ, ಹೊಸನಗರದ ಒಬ್ಬ ಪಟೇಲರ ಬಗ್ಗೆ ಇಷ್ಟು ಶ್ರದ್ಧೆಯಿಂದ ಜಗಳ ಆಡ್ತಾರಲ್ಲ ಅಂತ ನಂಗೆ ಖುಷಿ ಆಯ್ತು. ನಮ್ಮ ಗ್ರೂಪಲ್ಲಿ ಹೌದೌದು ಅಂದೋರಲ್ಲಿ ಒಬ್ರಿಗೂ 1881ಕ್ಕೂ 1907ಕ್ಕೂ ವ್ಯತ್ಯಾಸ ಗೊತ್ತಿರ್ಲಿಲ್ಲ. ಈ ಸರ್ವಿಸ್‌ನ ಸ್ಟಾಫ್ ಬಗ್ಗೆ ನನ್ನ ಕಡೆಯಿಂದ ಫುಲ್ ಮಾರ್ಕ್ಸ್.

ಆಧಾರದ ವಿಷಯಕ್ಕೆ ಬಂದ್ರೆ, ಏಜೆನ್ಸಿಯೋರು ಹಾಕಿದ್ದು ಎಂತ ಅಂತೀರಿ, ಮನೆತನದ ಸಮಾವೇಶಕ್ಕೆ ಅಂತ ನಾವೇ ಅಚ್ಚು ಹಾಕ್ಸಿದ ಸ್ಮರಣ ಸಂಚಿಕೆ, ದುಡ್ಡು ಕೊಟ್ಟು ಹಾಕ್ಸಿದ ಒಂದು ಆನ್‌ಲೈನ್ ಬರಹ, ಆಮೇಲೆ ಅಜ್ಜನ ಹೆಸರೇ ಇಲ್ಲದ ಮೂರ್ನಾಲ್ಕು ಇಂಗ್ಲಿಷ್ ಪುಸ್ತಕ, ಪೇಜ್ ನಂಬರ್ ಸಮೇತ. ಅಲ್ಲಿನೋರು ಒಂದೊಂದನ್ನೂ ತೆಗೆದು ನೋಡಿ ಬರೆದ್ರು, ಇದು ಮನೆಯೋರದ್ದೇ, ಇದು ಜಾಹೀರಾತು, ಇದ್ರಲ್ಲಿ ಹೆಸರಿಲ್ಲ. ಬೈಗುಳ ಒಂದೂ ಇಲ್ಲ, ಆದ್ರೂ ಓದೋಕೆ ನಾಚಿಕೆ ಆಗ್ತಿತ್ತು.

ಮನೇಲಿ ನಿಜವಾದ ದಾಖಲೆ ಇಲ್ಲ ಅಂತಲ್ಲ. ಅಟ್ಟದ ಮೇಲೆ ಕಡತ ಇದೆ. ನೋಡದೇ ಇರೋರಿಗೆ ಹೇಳ್ತೀನಿ, ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ ಮಡಚಿ ಮಡಚಿ ಇಟ್ಟಿರೋ ಉದ್ದನೆ ಪುಸ್ತಕ, ಅದ್ರ ಮೇಲೆ ಬಳಪದಲ್ಲಿ ಬಿಳಿ ಅಕ್ಷರ. ಬಿಚ್ಚಿದ್ರೆ ಮಡಿಕೆ ಮಡಿಕೆಯಾಗಿ ಜಗಲಿ ಉದ್ದಕ್ಕೂ ಬರುತ್ತೆ. ಯಾರ್ಯಾರಿಂದ ಎಷ್ಟು ಕೊಳಗ ಭತ್ತ ಬಂತು, ಅಡಿಕೆ ಎಷ್ಟು ಹೋಯ್ತು, ದೇವಸ್ಥಾನದ ದೀಪಕ್ಕೆ ಎಣ್ಣೆ ಎಷ್ಟು, ಒಂದು ಕಡೆ ಯಾರದ್ದೋ ಗೇಣಿ ಬಾಕಿ ಬರೆದು ಒರೆಸಿ ಮತ್ತೆ ಬರೆದಿದೆ. ಇದು ಚರಿತ್ರೆ ಬರೆಯೋರಿಗೆ ಬಂಗಾರ, ಆದ್ರೆ ವಿಕಿಪೀಡಿಯಕ್ಕೆ ಇದನ್ನ ನೇರವಾಗಿ ಹಾಕಿ ಅಜ್ಜ ಗಮನಾರ್ಹ ಅನ್ನೋಕೆ ಬರಲ್ಲ. ಮೊದಲು ಯಾರಾದ್ರೂ ಇತಿಹಾಸ ಗೊತ್ತಿರೋರು ಓದಿ, ತೂಗಿ, ಅಚ್ಚಲ್ಲಿ ಬರೀಬೇಕು, ಆಮೇಲೆ ವಿಕಿಪೀಡಿಯ. ಚಿಕ್ಕಮಾವ ಕೈಫಿಯತ್ತು, ಅಂದ್ರೆ ಊರಿನ ಮನೆತನದ ಹಳೇ ಕತೆ ಬರೆಸಿಟ್ಟ ದಾಖಲೆ, ತೋರ್ಸಣ ಅಂದ್ರು. ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರದ ಅಧಿಕಾರಿ ಮೆಕೆಂಜಿ ಸರ್ವೆಗೆ ಬಂದಾಗ ಊರೂರಿನ ಕೈಫಿಯತ್ತು ಬರೆಸಿದ್ರು, ಸರಿ. ಆದ್ರೆ ಹೊಸ ಸರ್ಕಾರ ಬಂದಿದೆ, ಉಂಬಳಿ ಉಳೀಬೇಕು, ಆವಾಗ ಮನೆ ಯಜಮಾನ್ರು ಕೂತು ಹೇಳಿ ಬರೆಸಿದ್ದು ಅದು. ನಮ್ಮ ವಂಶ ಕಡಿಮೆದು ಅಂತ ಯಾರ್ ಹೇಳ್ತಾರೆ ಹೇಳಿ. ಸ್ಮರಣ ಸಂಚಿಕೆಗೂ ಅದಕ್ಕೂ ಇನ್ನೂರು ವರ್ಷದ ಅಂತರ ಅಷ್ಟೇ.

ಹಂಗಂತ ಐದಕ್ಕೆ ಐದು ಕೊಡೋಕೆ ಆಗಲ್ಲ. ರೂಲ್ ಪ್ರಕಾರ ಕನ್ನಡ ಪುಸ್ತಕನೂ ಆಧಾರವೇ, ಆನ್‌ಲೈನಲ್ಲಿ ಇಲ್ಲದ ಪುಸ್ತಕನೂ ಆಧಾರವೇ. ಆದ್ರೆ ಇಂಗ್ಲಿಷ್ ಚರ್ಚೆಗೆ ಬರೋರು ಎಷ್ಟು ಜನ ಕನ್ನಡ ಓದ್ತಾರೆ, ಅದ್ರಲ್ಲಿ ಎಷ್ಟು ಜನ ಶಿವಮೊಗ್ಗದ ಲೈಬ್ರರಿಗೆ ಹೋಗಿ ಪುಸ್ತಕ ತೆಗೀತಾರೆ. ಬ್ಯಾರೊನೆಟ್ಟಿಗಾದ್ರೆ ಅವರ ಊರಿನ ಹಳೇ ಪೇಪರೆಲ್ಲ ಸ್ಕ್ಯಾನ್ ಆಗಿ ಕೂತಿದೆ, ಕುದುರೆ ಜೂಜಲ್ಲಿ ಗೆದ್ದಿದ್ದೂ ಸಿಗುತ್ತೆ. ನಮ್ಮ ಕಡೆ ಅಜ್ಜಂದಿರ ಬಗ್ಗೆ ಆ ಕಾಲದಲ್ಲಿ ಬರೆಯೋಕೆ ಪೇಪರೇ ಕಡಿಮೆ. ಕೊಳಗ ಒಂದೇ ಅಂದೆನಲ್ಲ, ಭತ್ತ ಬೆಳೆಯೋ ಗದ್ದೆ ಒಂದೇ ಅಲ್ಲ. ಇದಕ್ಕೊಂದು ಸ್ಟಾರ್ ಕಡಿತ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅಲ್ಲಿ ಅರಳಿ ಕಟ್ಟೆ ಅಂತ ಒಂದು ಚರ್ಚೆ ಜಾಗನೂ ಇದೆ, ಹೆಸರು ಎಷ್ಟು ಚೆನ್ನಾಗಿದೆ ನೋಡಿ. ಆದ್ರೆ ಕಟ್ಟೆ ಮೇಲೆ ಜನ ಇನ್ನೂ ಬೇಕು. ನಮ್ಮ ಜಿಲ್ಲೆ ಚರಿತ್ರೆ ಓದ್ಕೊಂಡೋರು ಒಂದಷ್ಟು ಜನ ಅಲ್ಲಿಗೆ ಬಂದ್ರೆ ಇಂಥ ಚರ್ಚೆ ಅಲ್ಲೇ, ನಮ್ಮ ಭಾಷೇಲೇ, ಪುಸ್ತಕ ಕೈಲಿಟ್ಕೊಂಡು ನಡೀಬಹುದು.

ಏಜೆನ್ಸಿ ಬಗ್ಗೆ ಎರಡು ಮಾತು. ಹೆಸರು ಹೇಳಲ್ಲ, ಇಂಥೋರು ಬೀದಿಗೊಬ್ರು ಇದಾರೆ. ಪೇಜ್ ಗ್ಯಾರಂಟಿ, ಅಳಿಸಿದ್ರೆ ದುಡ್ಡು ವಾಪಸ್ ಅಂದೋರು ಪಟ್ಟಿ ಬಿದ್ದ ಮೇಲೆ ಫೋನ್ ಎತ್ತಲಿಲ್ಲ, ಒಮ್ಮೆ ಎತ್ತಿದಾಗ ಇನ್ನಷ್ಟು ದುಡ್ಡು ಹಾಕಿದ್ರೆ ಸೀನಿಯರ್ ಎಡಿಟರ್ ಹತ್ರ ಮಾತಾಡಿ ಉಳಿಸ್ತೀವಿ ಅಂದ್ರು. ಸೀನಿಯರ್ ಎಡಿಟರ್ ಅನ್ನೋ ಹುದ್ದೆನೇ ಅಲ್ಲಿಲ್ಲ ಮಾರಾಯ್ರೆ. ದುಡ್ಡು ತಗೊಂಡು ಬರೆದ್ರೆ ಅದನ್ನ ಬಹಿರಂಗವಾಗಿ ಹೇಳ್ಬೇಕು ಅಂತ 2014ರಿಂದ ನಿಯಮ ಇದೆ, ಇವರು ಹೇಳಿರ್ಲಿಲ್ಲ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ 381 ಅಕೌಂಟನ್ನ ಒಟ್ಟಿಗೆ ಬ್ಲಾಕ್ ಮಾಡಿದ್ರು, ಪೇಜ್ ಮಾಡ್ತೀವಿ, ಕಾಪಾಡ್ತೀವಿ ಅಂತ ಜನರ ಹತ್ರ ದುಡ್ಡು ಕೀಳ್ತಿದ್ದ ಜಾಲ ಅದು. ಹತ್ತು ವರ್ಷ ಆದ್ರೂ ಧಂದೆ ನಿಂತಿಲ್ಲ ಅನ್ನೋಕೆ ನಮ್ಮ ಮನೆಯೇ ಸಾಕ್ಷಿ. ಅಡ್ವಾನ್ಸ್ ಇವತ್ತಿಗೂ ಬಂದಿಲ್ಲ.

ಕೊನೆಗೆ ಚರ್ಚೆ ಮುಗಿದಿದ್ದು ಮರ್ಜ್ ಅಂತ. ಪ್ರತಿನಿಧಿ ಸಭೆಯ ಅಚ್ಚಾದ ವರದಿಯಲ್ಲಿ ಅಜ್ಜನ ಹೆಸರು ಇರೋದನ್ನ ಒಬ್ರು ಹುಡುಕಿ ತೋರ್ಸಿದ್ರು, ಒಂದೇ ಸಾಲು. ಒಂದು ಸಾಲಿಗೆ ಒಂದು ಪೇಜ್ ಬರಲ್ಲ, ಆದ್ರೆ ಊರಿನ ಪೇಜಲ್ಲಿ ಎರಡು ವಾಕ್ಯ ಬರುತ್ತೆ. ಅಜ್ಜನ ಹೆಸರು ಹಾಕಿ ಹುಡುಕಿದ್ರೆ ಈಗ ಸೀದಾ ಊರಿನ ಪೇಜಿಗೆ ಹೋಗುತ್ತೆ. ನನ್ನ ಕೇಳಿದ್ರೆ ಇದೇ ಸರಿಯಾದ ತೀರ್ಪು. ಆ ಊರಿನ ಪೇಜಲ್ಲಿ ಅಲ್ಲಿವರೆಗೆ ಜನಸಂಖ್ಯೆ, ಪಿನ್‌ಕೋಡ್ ಬಿಟ್ರೆ ಎಂತದೂ ಇರ್ಲಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ 8ನೇ ಸಂಪುಟ, 1904ರದ್ದು, ಸೊರಬ ಸಾಗರ ನಗರ ತೀರ್ಥಹಳ್ಳಿ ಕಡೆ ಶಾಸನ ಎಲ್ಲ ಅದ್ರಲ್ಲಿದೆ, ಸ್ಕ್ಯಾನ್ ಫ್ರೀಯಾಗಿ ಸಿಗುತ್ತೆ. ನಿಮ್ಮೂರಿನ ಹೆಸರು ಅದ್ರಲ್ಲಿ ಇದೆಯಾ ನೋಡಿ, ಅಜ್ಜನ ಪೇಜಿಗಿಂತ ಊರಿನ ಪೇಜ್ ತುಂಬ್ಸೋದು ಸುಲಭ, ಅಳಿಸೋಕೆ ಯಾರೂ ಬರಲ್ಲ. ಮನೆಯೋರಾದ್ರೆ ನೇರವಾಗಿ ಬರೀಬೇಡಿ, ಚರ್ಚೆ ಪುಟದಲ್ಲಿ ನಾನು ಇಂಥವರ ಸಂಬಂಧಿ ಅಂತ ಹೇಳಿ ಆಧಾರ ಕೊಡಿ, ಬೇರೆಯೋರು ಸೇರಿಸ್ತಾರೆ. ಫೋಟೋನ ವಿಕಿಮೀಡಿಯ ಕಾಮನ್ಸ್‌ಗೆ, ಅಂದ್ರೆ ವಿಕಿಪೀಡಿಯದ ಫೋಟೋಗಳನ್ನ ಇಡೋ ಜಾಗಕ್ಕೆ, ಹಾಕ್ಬಹುದು, ಅಷ್ಟು ಹಳೇದಕ್ಕೆ ಕಾಪಿರೈಟ್ ತೊಡಕು ಇರಲ್ಲ. ಜರಿಪೇಟದ ಫೋಟೋ ಈಗ ಅಲ್ಲಿದೆ, ಚಿಕ್ಕಮಾವಂಗೆ ಅರ್ಧ ಸಮಾಧಾನ.

ಹೊಸ ತಕರಾರು ಮೇಲಿನಮನೆಯೋರದ್ದು. ಆ ಫೋಟೋದಲ್ಲಿರೋದು ನಿಮ್ಮ ಅಜ್ಜ ಅಲ್ಲ, ಅವರಣ್ಣ, ಅಂದ್ರೆ ನಮ್ಮ ಅಜ್ಜ ಅಂತ ಊರಿನ ಪೇಜಿನ ಚರ್ಚೆಯಲ್ಲಿ ಬರೆದಿದಾರೆ. ಆಧಾರ ಕೊಡಿ ಅಂತ ಕೇಳಿದೀನಿ, ನಮ್ಮ ಸ್ಮರಣ ಸಂಚಿಕೆ ಬರ್ತಾ ಇದೆ ತಡೀರಿ ಅಂದಿದಾರೆ.